ಮನೆಗೆ ಡಿಜಿಟಲ್ ರೇಡಿಯೋ ಬೇಕಾ? ಮೊದಲು ಹದಿನೈದು ದಿನ ಹೀಗೆ ಮಾಡಿ ನೋಡಿ

ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗ್‌ನಲ್ಲಿ ಕನ್ನಡದವರ ಮನೆ ಏಳಿವೆ. ಐದರಲ್ಲಿ ಎಂಬತ್ತರ ಆಸುಪಾಸಿನ ಹಿರಿಯರಿದ್ದಾರೆ. ಈಚೆಗೆ ಲಿಫ್ಟಿನಲ್ಲಿ ಸಿಕ್ಕರೂ ಅದೇ ಪ್ರಶ್ನೆ, ತರಕಾರಿ ಗಾಡಿಯ ಹತ್ತಿರ ಸಿಕ್ಕರೂ ಅದೇ ಪ್ರಶ್ನೆ. "ಡಿಜಿಟಲ್ ರೇಡಿಯೋ ಬಂದಿದೆಯಂತಲ್ಲ, ಒಂದು ತಗೊಳ್ಳಲಾ? ಊರಿನ ಸ್ಟೇಷನ್ ಬರುತ್ತಾ? ನಾಳೆ ಅದೂ ಮೂಲೆಗೆ ಬೀಳಲ್ಲ ತಾನೇ?" ನನ್ನನ್ನೇ ಕೇಳುತ್ತಾರೆ, ಯಾಕಂದರೆ ನಮ್ಮ ಮಾವನವರಿಗಾಗಿ ನಾನು ಎರಡು ತಿಂಗಳು ಇದರ ಹಿಂದೆ ಬಿದ್ದಿದ್ದೆ. ಒಬ್ಬೊಬ್ಬರಿಗೂ ನಿಂತು ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಎರಡು ತಿಂಗಳು ಹಿಡಿದದ್ದು ನಿಮಗೆ ಹದಿನೈದು ದಿನದಲ್ಲಿ ಮುಗಿಯುತ್ತದೆ.

ಮಾವನವರು ನವಲಗುಂದ ತಾಲೂಕಿನವರು. 1962ರಲ್ಲಿ ಮುಂಬೈಗೆ ಬಂದು ಲೋವರ್ ಪರೇಲ್ ಕಡೆ ಬಟ್ಟೆ ಗಿರಣಿಗೆ ಸೇರಿದರು. 1982ರ ಗಿರಣಿ ಮುಷ್ಕರದಲ್ಲಿ ಆ ಕೆಲಸ ಹೋಯಿತು. ಆಮೇಲೆ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ದುಡಿದರು. ಚಾಳಿನ ಖೋಲಿಯಿಂದ ಇಲ್ಲಿಗೆ ಬರುವವರೆಗೆ ಅವರ ಜೊತೆ ಬಿಡದೆ ಬಂದದ್ದು ರೇಡಿಯೋ ಒಂದೇ. ಆಗ ಅದಕ್ಕೆ ಪೋಸ್ಟ್ ಆಫೀಸಿನಲ್ಲಿ ವರ್ಷ ವರ್ಷ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ರಾತ್ರಿ ಊಟ ಆದ ಮೇಲೆ ಕಿಟಕಿ ಕಟ್ಟೆಯ ಮೇಲೆ ಸೆಟ್ಟು ಇಟ್ಟು, 765 ಕಿಲೋಹರ್ಟ್ಸ್ ಹತ್ತಿರ ಕೂದಲೆಳೆಯಷ್ಟು ತಿರುಗಿಸಿ ಧಾರವಾಡ ಹಿಡಿಯುತ್ತಿದ್ದರಂತೆ. ಹಗಲು ಬರುತ್ತಿರಲಿಲ್ಲ. ಮೀಡಿಯಂ ವೇವ್ ಅಲೆಗಳು ಹಗಲು ನೆಲ ಹಿಡಿದು ಸಾಗುತ್ತವೆ, ರಾತ್ರಿ ಮೇಲಿನ ವಾತಾವರಣಕ್ಕೆ ಬಡಿದು ದೂರದೂರಿಗೆ ಬಂದು ಬೀಳುತ್ತವೆ. ದನಿ ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ದೂರ ಹೋಗುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ನಿಲಯ ಅದು. ಎಷ್ಟು ಖರ್ ಖರ್ ಅಂದರೂ ಕೇಳದೆ ಮಲಗುತ್ತಿರಲಿಲ್ಲ.

ಅವರು ಈಗಲೂ "ರೇಡಿಯೋ ಹಚ್ಚವ್ವಾ" ಅನ್ನುತ್ತಾರೆ. ನಾನು ಮೈಸೂರಿನವಳು, ನಮ್ಮ ಕಡೆ ರೇಡಿಯೋ ಹಾಕುತ್ತೇವೆ. ಆಕಾಶವಾಣಿ ಅನ್ನುವ ಹೆಸರು ಬಂದದ್ದೇ ನಮ್ಮೂರಿನಿಂದ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಶುರು ಮಾಡಿದ ನಿಲಯಕ್ಕೆ ಇಟ್ಟ ಹೆಸರು ಅದು. ಹಾಗಾಗಿ ಇದು ನನಗೆ ಬರೀ ಮಾವನವರ ಸಲುವಾಗಿ ಮಾಡಿದ ಕೆಲಸ ಅಲ್ಲ. ರೇಡಿಯೋ ಉಳಿಯಬೇಕು ಅಂತ ನನಗೂ ಆಸೆ ಇದೆ.

ಮೊದಲ ಮೂರು ದಿನ ಒಂದು ಹಾಳೆ

ಏನೂ ಕೊಳ್ಳಬೇಡಿ. ಒಂದು ಹಾಳೆ ತಗೊಂಡು ಫ್ರಿಜ್ಜಿಗೆ ಅಂಟಿಸಿ. ಮನೆಯಲ್ಲಿ ರೇಡಿಯೋ ಕೇಳುವವರು ಯಾವ ಹೊತ್ತಿಗೆ, ಯಾವ ಸ್ಟೇಷನ್, ಎಲ್ಲಿ ಕೂತು ಕೇಳುತ್ತಾರೆ ಅಂತ ಬರೆಯಿರಿ. ಸುಮ್ನೆ "ದಿನವಿಡೀ ಕೇಳ್ತಾರೆ" ಅಂದರೆ ಆಗಲ್ಲ. ಬರೆದೇ ನೋಡಬೇಕು.

ನಮ್ಮ ಹಾಳೆ ನೋಡಿ ನನಗೇ ಆಶ್ಚರ್ಯವಾಯಿತು. ದಿನಕ್ಕೆ ಐದು ಗಂಟೆ ರೇಡಿಯೋ ಹಚ್ಚಿರುತ್ತದೆ. ಆದರೆ ಮಾವನವರು ಕಿವಿಗೊಟ್ಟು ಕೇಳುವುದು ಬೆಳಗಿನ ವಾರ್ತೆ, ಒಂದಿಷ್ಟು ಹಳೆ ಹಾಡು, ಸಿಕ್ಕರೆ ಸಂಜೆಯ ಕೃಷಿರಂಗ. ಊರಿನ ಹೊಲ ಮಾರಿ ಎಷ್ಟೋ ವರ್ಷವಾಯಿತು, ಆದರೂ ಕಡಲೆಗೆ ಕೀಟ ಬಿದ್ದರೆ ಏನು ಹೊಡೆಯಬೇಕು ಅಂತ ಪೂರ್ತಿ ಕೇಳುತ್ತಾರೆ. ಉಳಿದ ಹೊತ್ತೆಲ್ಲ ದನಿ ಜೊತೆಗಿದ್ದರೆ ಸಾಕು. ನಾನು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ ಅಲ್ವಾ.

ಹಾಳೆಯಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಯಾವ ಸ್ಟೇಷನ್ ಇಲ್ಲದಿದ್ದರೆ ಆಗುವುದೇ ಇಲ್ಲ. ಎರಡು, ಸೆಟ್ಟು ಮನೆಯ ಯಾವ ಮೂಲೆಯಲ್ಲಿ ಕೆಲಸ ಮಾಡಬೇಕು. ಮುಂದಿನ ಎಲ್ಲ ತೀರ್ಮಾನವೂ ಈ ಎರಡರ ಮೇಲೇ ನಿಂತಿದೆ. ಎಷ್ಟು ಚಾನೆಲ್, ಎಂಥ ಸ್ಕ್ರೀನ್ ಅನ್ನುವುದೆಲ್ಲ ಆಮೇಲೆ.

ಡಬ್ಬದ ಮೇಲೆ ಡಿಜಿಟಲ್ ಅಂತ ಇದ್ದರೆ

ಇಲ್ಲಿ ನಾನು ದುಡ್ಡು ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ. ಮೊದಲ ಸಲ ಒಂದು ಅಂಗಡಿಯಲ್ಲಿ "ಡಿಜಿಟಲ್ ರೇಡಿಯೋ ಕೊಡಿ" ಅಂತ ಕೇಳಿ 2,200 ರೂಪಾಯಿ ಕೊಟ್ಟು ಒಂದು ಸೆಟ್ಟು ತಂದೆ. ಮನೆಗೆ ಬಂದು ನೋಡಿದರೆ ಅದರಲ್ಲಿ ಡಿಜಿಟಲ್ ಆಗಿದ್ದದ್ದು ಮುಳ್ಳಿನ ಬದಲು ಅಂಕಿ ತೋರಿಸುವ ಪರದೆ ಮಾತ್ರ. ಒಳಗೆ ಅದೇ ಹಳೆಯ ಎಫ್‌ಎಂ, ಅದೇ ಮೀಡಿಯಂ ವೇವ್. ಡಬ್ಬ ಬಿಚ್ಚಿದ್ದೀರಿ ಅಂತ ವಾಪಸ್ ತಗೊಳ್ಳಲಿಲ್ಲ.

ಡಿಜಿಟಲ್ ರೇಡಿಯೋ ಅಂತ ಇವತ್ತು ಕರೆಯುವುದು ಬೇರೆ ಬೇರೆ ವಸ್ತುಗಳನ್ನು. ಫೋನಿನಲ್ಲಿ ಇಂಟರ್ನೆಟ್ ಮೂಲಕ ಕೇಳುವುದು ಒಂದು. ಗಾಳಿಯಲ್ಲೇ ಬರುವ ಡಿಜಿಟಲ್ ಸಿಗ್ನಲ್ ಇನ್ನೊಂದು. ನಮ್ಮ ದೇಶದಲ್ಲಿ ಆಕಾಶವಾಣಿ ಮೀಡಿಯಂ ವೇವ್‌ಗೆ ಆರಿಸಿಕೊಂಡದ್ದು ಡಿಆರ್‌ಎಂ, ಅಂದರೆ ಡಿಜಿಟಲ್ ರೇಡಿಯೋ ಮಾಂಡಿಯಾಲ್ ಅನ್ನುವ ಪದ್ಧತಿ. ಮುಂಬೈ, ಪುಣೆ, ಪಣಜಿ, ಧಾರವಾಡ, ಬೆಂಗಳೂರು ಎಲ್ಲ ಸೇರಿ ಸುಮಾರು 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳಿಗೆ ಈ ವ್ಯವಸ್ಥೆ ಮಾಡಿದ್ದಾರೆ. ಡಬ್ಬದ ಮೇಲೆ ಡಿಆರ್‌ಎಂ ಅನ್ನುವ ಮೂರಕ್ಷರ ಇಲ್ಲದಿದ್ದರೆ ಅದು ಆ ಸಿಗ್ನಲ್ ಹಿಡಿಯಲ್ಲ.

ಡಿಎಬಿ ಅಂತ ಬರೆದಿದ್ದರೆ ಅದು ಬೇರೆಯೇ. ಯುರೋಪಿನಲ್ಲಿ ನಡೆಯುವ ಪದ್ಧತಿ ಅದು. ಮೂರನೇ ಮಹಡಿಯ ಶೆಟ್ಟರ ಮನೆಗೆ ಮಗಳು ಲಂಡನ್‌ನಿಂದ ಚೆಂದದ ಮರದ ಕವಚದ ಡಿಎಬಿ ರೇಡಿಯೋ ತಂದುಕೊಟ್ಟಿದ್ದಾಳೆ. ಇಲ್ಲಿ ಅದರಲ್ಲಿ ಎಫ್‌ಎಂ ಮಾತ್ರ ಕೇಳುತ್ತದೆ, ಡಿಎಬಿ ಗುಂಡಿ ಒತ್ತಿದರೆ ಎಷ್ಟು ಹೊತ್ತು ಹುಡುಕಿದರೂ ಏನೂ ಸಿಗಲ್ಲ. ಸೆಟ್ಟು ಕೆಟ್ಟಿಲ್ಲ, ನಮ್ಮಲ್ಲಿ ಆ ಪ್ರಸಾರವೇ ಇಲ್ಲ. ಹೊರದೇಶದಲ್ಲಿರುವ ಮಕ್ಕಳು "ಏನು ತರಲಿ" ಅಂತ ಕೇಳಿದರೆ ಇದನ್ನು ಮೊದಲೇ ಹೇಳಿಬಿಡಿ.

ಆರು ದಿನ ಹಳೇ ಫೋನಿನ ಜೊತೆ

ಪ್ರತಿ ಮನೆಯಲ್ಲೂ ಡ್ರಾಯರ್‌ನಲ್ಲಿ ಒಂದು ಹಳೇ ಫೋನ್ ಬಿದ್ದಿರುತ್ತದೆ. ಅದನ್ನು ತೆಗೆಯಿರಿ. ಸಿಮ್ ತೆಗೆದುಬಿಡಿ, ಇಲ್ಲದಿದ್ದರೆ ವಾರ್ತೆ ಮಧ್ಯೆ ಸಾಲ ಬೇಕಾ ಅಂತ ಫೋನ್ ಬರುತ್ತದೆ. ಮನೆಯ ವೈಫೈಗೆ ಸೇರಿಸಿ. ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿ. ಬೇರೆ ಬೇರೆ ಊರುಗಳ ಇನ್ನೂರಕ್ಕೂ ಹೆಚ್ಚು ಚಾನೆಲ್ ಅದರಲ್ಲಿವೆ, ಕನ್ನಡದ ನಿಲಯಗಳೂ ಇವೆ. ಹಾಳೆಯಲ್ಲಿ ಬರೆದ ಸ್ಟೇಷನ್ ಹುಡುಕಿ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅನ್ನುವ ಕಡೆ ಹೋಗಿ, ಈ ಆ್ಯಪ್ ಹಿಂದೆ ಓಡುತ್ತಿದ್ದರೆ ನಿಲ್ಲಿಸಬೇಡ ಅಂತ ಆರಿಸಿ. ಇದನ್ನು ಮಾಡದಿದ್ದರೆ ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ದನಿಯೂ ನಿಂತುಬಿಡಬಹುದು. ಇದೊಂದು ವಿಷಯ ಗೊತ್ತಿಲ್ಲದೆ ನಾನು ನಾಲ್ಕು ದಿನ ಆಫೀಸಿನಿಂದ ಫೋನ್ ಮಾಡಿ "ಈಗ ಬಂತಾ ಮಾವ?" ಅಂತ ಕೇಳುತ್ತಿದ್ದೆ.

ಫೋನಿನ ಸ್ಪೀಕರ್ ವಯಸ್ಸಾದವರಿಗೆ ಸಾಲಲ್ಲ. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಬೇಕು. ಮೈ ನಡುಗುವಂತೆ ಬಾಸ್ ಹೊಡೆಯುವಂಥದ್ದು ಬೇಡ. ಮಾತು ಸ್ಪಷ್ಟ ಕೇಳಬೇಕು, ಅಷ್ಟೇ. ಅಂಗಡಿಯಲ್ಲಿ ಹಾಡು ಹಾಕಿ ತೋರಿಸುತ್ತಾರೆ. ನೀವು ವಾರ್ತೆ ಹಾಕಿ ಕೇಳಿ.

ಡೇಟಾ ಎಷ್ಟು ಹೋಗುತ್ತದೆ ಅಂತ ಹೆದರಬೇಡಿ. 64 ಕಿಲೋಬಿಟ್ ವೇಗದ ಸ್ಟ್ರೀಮ್ ಆದರೆ ಗಂಟೆಗೆ ಸುಮಾರು 29 ಎಂಬಿ. ಐದು ಗಂಟೆ ಕೇಳಿದರೂ 150 ಎಂಬಿ ಮುಟ್ಟಲ್ಲ. ಮೊಮ್ಮಗ ಹತ್ತು ನಿಮಿಷ ನೋಡುವ ವಿಡಿಯೋಗೆ ಅದಕ್ಕಿಂತ ಜಾಸ್ತಿ ಹೋಗಬಹುದು.

ಮೊದಲ ದಿನ ಧಾರವಾಡ ಹಗಲಿನಲ್ಲೇ, ಒಂದು ಚೂರೂ ಖರ್ ಖರ್ ಇಲ್ಲದೆ ಬಂದಾಗ ಮಾವನವರು ಸ್ಪೀಕರನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಏರಿಯಲ್ ಎಲ್ಲೈತಿ?" ಅಂದರು. ಆಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ವಾರ್ತೆ ಮುಗಿಯುವವರೆಗೆ ಅಲುಗಾಡಲಿಲ್ಲ.

ಎರಡನೇ ದಿನ ತೊಂದರೆ ಶುರುವಾಯಿತು. ಅವರ ಹತ್ತಿರ ಎಚ್‌ಎಂಟಿ ಜನತಾ ಕೈಗಡಿಯಾರ ಇದೆ, ಕೀಲಿ ಕೊಡುವಂಥದ್ದು. ಬೆಳಿಗ್ಗೆ ವಾರ್ತೆಗೆ ಮುಂಚೆ ರೇಡಿಯೋದಲ್ಲಿ ಬೀಪ್ ಬೀಪ್ ಅಂತ ಬರುತ್ತದಲ್ಲ, ಅದಕ್ಕೆ ಸರಿಯಾಗಿ ಮುಳ್ಳು ಕೂಡಿಸಿ ಕೀಲಿ ಕೊಡುತ್ತಾರೆ. ಅರವತ್ತು ವರ್ಷದ ಅಭ್ಯಾಸ. ಅವತ್ತು ಗಡಿಯಾರ ಮುಂದೆ ಹೋಗಿದೆ ಅಂತ ಹಿಂದಕ್ಕೆ ತಿರುಗಿಸಿದರು. ಮರುದಿನ ನನ್ನ ಫೋನಿನ ಸಮಯದ ಜೊತೆ ಹೋಲಿಸಿದರೆ ಗಡಿಯಾರ ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಂದೆ. ಗಡಿಯಾರದ ತಪ್ಪಲ್ಲ. ಇಂಟರ್ನೆಟ್‌ನಲ್ಲಿ ಬರುವ ದನಿಯನ್ನು ತುಂಡು ತುಂಡು ಮಾಡಿ ಕಳಿಸಿ, ಫೋನ್ ಅದನ್ನು ಸ್ವಲ್ಪ ಕೂಡಿಟ್ಟುಕೊಂಡು ಕೇಳಿಸುತ್ತದೆ. ಅದಕ್ಕೇ ತಡ. ಡಿಆರ್‌ಎಂನಲ್ಲೂ ಕೆಲವು ಸೆಕೆಂಡ್ ತಡ ಇದ್ದೇ ಇರುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಬೀಪ್ ಕೇಳಿ ಗಡಿಯಾರ ಕೂಡಿಸುವ ಹಿರಿಯರಿಗೆ ರೇಡಿಯೋ ಸುಳ್ಳು ಹೇಳಿತು ಅನ್ನಿಸಿದರೆ ಆ ನಂಬಿಕೆ ಮತ್ತೆ ಬರಲ್ಲ. ಮೊದಲ ದಿನವೇ ಕೂತು ಹೇಳಿ: ಹೊಸ ರೇಡಿಯೋದಲ್ಲಿ ವಾರ್ತೆ ಕೇಳಿ, ಗಡಿಯಾರ ಬೇರೆ ಕಡೆ ನೋಡಿ ಕೂಡಿಸಿ. ಮಾವನವರು ಈಗ ಗಡಿಯಾರಕ್ಕೆ ಹಳೆ ಟ್ರಾನ್ಸಿಸ್ಟರ್‌ನ ಎಫ್‌ಎಂ ಹಚ್ಚುತ್ತಾರೆ.

ಟಿವಿಗೆ ಡಿಡಿ ಫ್ರೀ ಡಿಶ್ ಇದ್ದವರು ಅದರಲ್ಲೂ ಆಕಾಶವಾಣಿ ಚಾನೆಲ್‌ಗಳನ್ನು ಕೇಳಬಹುದು. ಚೆನ್ನಾಗಿಯೇ ಬರುತ್ತದೆ. ಆದರೆ ಟಿವಿ ಹಾಕಿಟ್ಟು ರೇಡಿಯೋ ಕೇಳುವುದು ನಮ್ಮ ಮನೆಯಲ್ಲಿ ಎರಡು ದಿನವೂ ನಡೆಯಲಿಲ್ಲ.

ಕಾರಿನಲ್ಲಿ ಒಂದು ಭಾನುವಾರ

ಡಿಆರ್‌ಎಂ ಹೇಗಿರುತ್ತದೆ ಅಂತ ಖರ್ಚಿಲ್ಲದೆ ತಿಳಿಯಲು ಕಾರೇ ಒಳ್ಳೆಯ ಜಾಗ. ಹ್ಯುಂಡೈ, ಮಾರುತಿ, ಮಹೀಂದ್ರಾ, ಟೊಯೋಟಾದ ಕೆಲವು ಮಾಡೆಲ್‌ಗಳಲ್ಲಿ ಕಂಪನಿಯಿಂದಲೇ ಡಿಆರ್‌ಎಂ ಹಾಕಿ ಕೊಟ್ಟಿದ್ದಾರೆ. ಇಂಥ ಕಾರುಗಳು ದೇಶದಲ್ಲಿ ಲಕ್ಷಗಟ್ಟಲೆ ಇವೆ, ಅವುಗಳಲ್ಲಿ ಓಡಾಡುವ ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ನನ್ನ ತಮ್ಮನ ಕಾರು ತಗೊಂಡು ಮೂರು ವರ್ಷವಾಗಿತ್ತು. ನಾನು ಹೇಳಿದ ಮೇಲೆ ಅವನು ಮೆನು ತೆರೆದು "ಅಕ್ಕಾ, ಇಲ್ಲೇ ಇದೆ ನೋಡು!" ಅಂದ.

ರೇಡಿಯೋ ಮೆನುವಿನಲ್ಲಿ ಎಫ್‌ಎಂ, ಎಎಂ ಪಕ್ಕದಲ್ಲಿ ಡಿಆರ್‌ಎಂ ಇದೆಯಾ ನೋಡಿ. ಇದ್ದರೆ ತೆರೆದ ಜಾಗಕ್ಕೆ ಹೋಗಿ ಸ್ಕ್ಯಾನ್ ಒತ್ತಿ. ಬೇಸ್‌ಮೆಂಟಿನಲ್ಲಿ ಒತ್ತಬೇಡಿ. ಸಿಗ್ನಲ್ ಸಿಕ್ಕ ತಕ್ಷಣ ದನಿ ಬರಲ್ಲ. ಮೊದಲು ಸ್ಟೇಷನ್ ಹೆಸರು ಮೂಡುತ್ತದೆ, ಕೆಲವು ಸೆಕೆಂಡ್ ಆದ ಮೇಲೆ ದನಿ. ನಾವು ಥಾಣೆಯಿಂದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು ಘಾಟ್‌ಕೋಪರ್‌ವರೆಗೆ ಹೋದೆವು. ಮೀಡಿಯಂ ವೇವ್‌ನಲ್ಲಿ ಹಾರ್ಮೋನಿಯಂ ಅಷ್ಟು ಶುದ್ಧವಾಗಿ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಹಾಡಿನ ಜೊತೆ ಪರದೆಯ ಮೇಲೆ ಅಕ್ಷರವೂ ಬರುತ್ತದೆ. ಫ್ಲೈಓವರ್ ಕೆಳಗೆ ಹೋದಾಗ ದನಿ ಸಣ್ಣದಾಗಲಿಲ್ಲ, ಖರ್ ಅನ್ನಲಿಲ್ಲ, ಕತ್ತರಿಸಿದ ಹಾಗೆ ನಿಂತಿತು. ಆಚೆ ಬಂದ ಮೇಲೆ ಮತ್ತೆ ಬಂತು. ಡಿಜಿಟಲ್‌ನ ಗುಣವೇ ಅದು. ಬಂದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ.

ಹಿಂದಿನ ಸೀಟಿನಲ್ಲಿದ್ದ ಮಾವನವರು ಕೇಳಿದ್ದು ಒಂದೇ. "ಧಾರವಾಡ?" ಹಗಲು ಹೊತ್ತು, ಇಲ್ಲಿಂದ ಧಾರವಾಡ ನೇರ ದಾರಿಯಲ್ಲೇ ನಾನೂರೈವತ್ತು ಕಿಲೋಮೀಟರ್‌ಗಿಂತ ದೂರ. ಬರಲಿಲ್ಲ. ರಾತ್ರಿ ದೂರದ ಸಿಗ್ನಲ್ ತಲುಪಿದರೂ ಅದು ಏರಿಳಿಯುತ್ತಾ ಬರುವುದರಿಂದ ಡಿಜಿಟಲ್ ದನಿ ತುಂಡು ತುಂಡಾಗುತ್ತದೆ. ಹಳೆ ಸೆಟ್ಟಿನಲ್ಲಿ ಖರ್ ಖರ್ ಮಧ್ಯೆಯಾದರೂ ಅರ್ಧ ವಾಕ್ಯ ಸಿಗುತ್ತಿತ್ತು, ಇಲ್ಲಿ ಅದೂ ಇಲ್ಲ. ಅದಕ್ಕೇ ಹೇಳುತ್ತೇನೆ, ಮುಂಬೈನಲ್ಲಿ ಕೂತು ಊರಿನ ನಿಲಯ ಕೇಳಬೇಕು ಅಂತ ಡಿಆರ್‌ಎಂ ಸೆಟ್ಟು ಕೊಳ್ಳಬೇಡಿ. ಅದಕ್ಕೆ ಫೋನೇ ಸರಿ. ಮುಂಬೈ ಆಕಾಶವಾಣಿಯ ಕಾರ್ಯಕ್ರಮ ಇಷ್ಟಪಟ್ಟು ಕೇಳುವವರಾದರೆ ಡಿಆರ್‌ಎಂ ಬಗ್ಗೆ ಯೋಚಿಸಿ.

ಮನೆಯೊಳಗಿನ ಗಲಾಟೆ

ಡಿಆರ್‌ಎಂ ಮನೆಯಲ್ಲೂ ಬರುತ್ತದಾ ಅಂತ ನೋಡುವ ಮೊದಲು ಒಂದು ಕೆಲಸ ಮಾಡಿ. ಹಳೇ ಟ್ರಾನ್ಸಿಸ್ಟರ್ ಇದ್ದರೆ ಸಾಕು, ಹೊಸದು ಬೇಡ. ಅದನ್ನು ಮೀಡಿಯಂ ವೇವ್‌ಗೆ ಹಾಕಿ, ಯಾವ ಸ್ಟೇಷನ್ನೂ ಇಲ್ಲದ ಜಾಗದಲ್ಲಿ ಮುಳ್ಳು ನಿಲ್ಲಿಸಿ, ದನಿ ಅರ್ಧ ಏರಿಸಿ. ಕೈಯಲ್ಲಿ ಹಿಡಿದು ಮನೆಯೆಲ್ಲ ನಿಧಾನವಾಗಿ ಓಡಾಡಿ. ನಮ್ಮ ಅಡುಗೆಮನೆಯಲ್ಲಿ ಎಲ್‌ಇಡಿ ಟ್ಯೂಬಿನ ಕೆಳಗೆ ಜೇನುಗೂಡು ಕದಡಿದ ಹಾಗೆ ಗುಂಯ್ ಅಂತು. ಫೋನ್ ಚಾರ್ಜರ್ ಹತ್ತಿರ ಕಿರ್ ಅಂತು. ವೈಫೈ ರೌಟರ್‌ನ ಅಡಾಪ್ಟರ್, ಇನ್ವರ್ಟರ್, ಸೆಟ್‌ಟಾಪ್ ಬಾಕ್ಸ್, ಒಂದೊಂದಕ್ಕೂ ಒಂದೊಂದು ದನಿ. ಲಿಫ್ಟ್ ಹೊರಟಾಗ ಹಾಲಿನಲ್ಲಿ ಟರ್ ಅನ್ನುತ್ತಿತ್ತು. ಒಂದೊಂದೇ ಸ್ವಿಚ್ ಆರಿಸುತ್ತಾ ಬನ್ನಿ, ಯಾವುದು ಜಾಸ್ತಿ ಗಲಾಟೆ ಮಾಡುತ್ತದೆ ಅಂತ ಗೊತ್ತಾಗುತ್ತದೆ. ಈ ಗಲಾಟೆಯ ಮಧ್ಯೆ ಡಿಜಿಟಲ್ ಸೆಟ್ಟು ಸುಮ್ಮನಾಗುತ್ತದೆ, ಯಾಕೆ ಅಂತ ಹೇಳುವುದೂ ಇಲ್ಲ. ಹಳೇ ಟ್ರಾನ್ಸಿಸ್ಟರ್ ಹೇಳುತ್ತದೆ. ಎಲ್ಲಿ ಗಲಾಟೆ ಕಡಿಮೆಯೋ ಅಲ್ಲಿ ನೆಲದ ಮೇಲೆ ಚಾಕ್‌ನಿಂದ ಗುರುತು ಹಾಕಿ. ನಮ್ಮಲ್ಲಿ ಅದು ಬಾಲ್ಕನಿಯ ಬಾಗಿಲ ಪಕ್ಕ, ತುಳಸಿ ಕುಂಡದ ಹತ್ತಿರ.

ನನ್ನ ಯಜಮಾನರ ಸಹೋದ್ಯೋಗಿಯೊಬ್ಬರು ಹ್ಯಾಮ್ ರೇಡಿಯೋ ಹವ್ಯಾಸದವರು, ಅಂದರೆ ತಾವೇ ಸಿಗ್ನಲ್ ಕಳಿಸಿ ದೂರದವರ ಜೊತೆ ಮಾತಾಡುವವರು. ಅವರಿಂದ ಒಂದು ಡಿಆರ್‌ಎಂ ಸೆಟ್ಟು ಐದು ದಿನಕ್ಕೆ ಕಡ ತಂದೆವು. ನಿಮಗೂ ಹೀಗೆ ಯಾರಾದರೂ ಸಿಗುತ್ತಾರಾ ನೋಡಿ, ಕೊಳ್ಳುವ ಮೊದಲು ಐದು ದಿನ ಮನೆಯಲ್ಲಿಟ್ಟು ನೋಡುವುದಕ್ಕೆ ಸಮ ಬೇರೆ ಇಲ್ಲ. ಗುರುತು ಹಾಕಿದ ಜಾಗದಲ್ಲಿ ಇಟ್ಟು, ಒಂದು ಕಾಲು ಸುತ್ತು ತಿರುಗಿಸಿ ನೋಡಿ. ಮೀಡಿಯಂ ವೇವ್ ಹಿಡಿಯುವ ಫೆರೈಟ್ ಕಡ್ಡಿ ಒಳಗಿದ್ದರೆ ಅದಕ್ಕೆ ದಿಕ್ಕು ಮುಖ್ಯ. ಕಿಟಕಿಯ ಕಬ್ಬಿಣದ ಗ್ರಿಲ್‌ಗೆ ಒತ್ತಿ ಇಡಬೇಡಿ, ಒಂದು ಮೊಳ ಈಚೆಗಿರಲಿ. ನಮ್ಮಲ್ಲಿ ಬಾಲ್ಕನಿ ಹತ್ತಿರ ಮುಂಬೈ ನಿಲಯ ತಿಳಿನೀರಿನ ಹಾಗೆ ಬಂತು. ಮಾವನವರ ಹಾಸಿಗೆಯ ಹತ್ತಿರ ಹತ್ತು ನಿಮಿಷಕ್ಕೆ ನಾಲ್ಕು ಸಲ ನಿಂತಿತು. ಅವರು ಕೇಳುವುದು ಹಾಸಿಗೆಯ ಹತ್ತಿರವೇ, ಹಾಳೆಯಲ್ಲಿ ಹಾಗೇ ಬರೆದಿತ್ತು.

ಯಾವ ಸೆಟ್ಟೇ ಆಗಲಿ, ಹಿರಿಯರ ಕೈಗೆ ಕೊಡುವ ಮೊದಲು ಅವರ ಸ್ಟೇಷನ್‌ಗಳನ್ನು ಮೊದಲ ಎರಡು ಗುಂಡಿಗೆ ಕೂಡಿಸಿ. ನಾನು ಆನ್ ಮಾಡುವ ಗುಂಡಿಗೆ ಕೆಂಪು ಟಿಕಳಿ, ಮೊದಲ ಸ್ಟೇಷನ್‌ಗೆ ಹಸಿರು ಟಿಕಳಿ ಅಂಟಿಸಿದೆ. ಉಬ್ಬಿರುವ ಹರಳಿನ ಟಿಕಳಿ ತಗೊಳ್ಳಿ, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಉಳಿದ ಗುಂಡಿಗಳ ಮೇಲೆ ಟೇಪ್ ಅಂಟಿಸಿಬಿಡಿ. ಇನ್ನೊಂದು ಮಾತು ಕಲಿಸಿ: ದನಿ ನಿಂತರೆ ಏನೂ ಒತ್ತದೆ ಹತ್ತರವರೆಗೆ ಎಣಿಸಿ. ಹಳೆ ರೇಡಿಯೋ ನಿಂತರೆ ಕೆಟ್ಟಿತು ಅಂತ ಅರ್ಥ, ಹೊಸದು ನಿಂತರೆ ಹುಡುಕುತ್ತಿದೆ ಅಂತ ಅರ್ಥ. ಇದು ತಿಳಿಯದೆ ಗುಂಡಿ ಒತ್ತುತ್ತಾ ಹೋದರೆ ಸೆಟ್ಟಿಂಗ್ ಎಲ್ಲ ಕಲಸಿಹೋಗುತ್ತದೆ.

ಇದು ನಮ್ಮ ಜನಕ್ಕೆ ಹಿಡಿಸುತ್ತಾ?

ಬಿಲ್ಡಿಂಗ್‌ನವರು ಕೊನೆಗೆ ಕೇಳುವುದು ಇದನ್ನೇ. ಬೇರೆ ದೇಶಗಳಲ್ಲಿ ಏನಾಯಿತು ನೋಡಿ. ಬ್ರಿಟನ್‌ನಲ್ಲಿ ಬಿಬಿಸಿ 1995ರಲ್ಲಿ ಡಿಎಬಿ ಶುರು ಮಾಡಿತು, ಕೇಳುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಜಿಟಲ್ ಆಗಿದ್ದು 2018ರಲ್ಲಿ. ನಾರ್ವೆ 2017ರಲ್ಲಿ ರಾಷ್ಟ್ರಮಟ್ಟದ ಎಫ್‌ಎಂ ಪ್ರಸಾರವನ್ನೇ ನಿಲ್ಲಿಸಿತು. ಸ್ವಿಟ್ಜರ್‌ಲೆಂಡ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಗೆ ನಿಲ್ಲಿಸಿತು. ಐರ್ಲೆಂಡ್‌ನಲ್ಲಿ ಉಲ್ಟಾ ಆಯಿತು, ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇ 2021ರಲ್ಲಿ ಡಿಎಬಿ ಪ್ರಸಾರವನ್ನೇ ಮುಚ್ಚಿತು. ನಮ್ಮಲ್ಲೂ ಒಂದು ಅನುಭವ ಇದೆ. ಉಪಗ್ರಹದಿಂದ ಬರುತ್ತಿದ್ದ ವರ್ಲ್ಡ್‌ಸ್ಪೇಸ್ ರೇಡಿಯೋದಲ್ಲಿ ಸ್ಪರ್ಶ ಅನ್ನುವ ಕನ್ನಡ ಚಾನೆಲ್ ಇತ್ತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಆ ಸೇವೆ ನಿಂತಿತು, ಸೆಟ್ಟುಗಳು ಹಾಗೇ ಉಳಿದವು. ಅದಕ್ಕೇ ಏನೇ ಕೊಂಡರೂ ಎಫ್‌ಎಂ ಮತ್ತು ಬ್ಲೂಟೂತ್ ಎರಡೂ ಇರುವುದನ್ನೇ ಕೊಳ್ಳಿ. ಒಂದು ದಾರಿ ಮುಚ್ಚಿದರೂ ಸೆಟ್ಟು ಉಪಯೋಗಕ್ಕೆ ಬರುತ್ತದೆ.

ಈಗ ಎಫ್‌ಎಂ ಕಡೆಯಲ್ಲೂ ಡಿಜಿಟಲ್ ಬರುವ ಮಾತಿದೆ. ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ಅಕ್ಟೋಬರ್‌ನಲ್ಲಿ ಸರ್ಕಾರಕ್ಕೆ ಶಿಫಾರಸು ಕೊಟ್ಟಿದೆ. ಮೊದಲು 13 ನಗರಗಳು, ಅದರಲ್ಲಿ ಮುಂಬೈ, ಪುಣೆ, ಬೆಂಗಳೂರು ಇವೆ. ಒಂದೇ ತರಂಗಾಂತರದಲ್ಲಿ ಹಳೆ ಎಫ್‌ಎಂ ಚಾನೆಲ್ ಒಂದು, ಅದರ ಜೊತೆ ಮೂರು ಡಿಜಿಟಲ್ ಚಾನೆಲ್, ಮತ್ತೊಂದು ಡೇಟಾ ಚಾನೆಲ್. ದೇಶಕ್ಕೆಲ್ಲ ಒಂದೇ ತಂತ್ರಜ್ಞಾನ ಇರಲಿ ಅಂತಲೂ ಹೇಳಿದೆ. ಅದು ತೀರ್ಮಾನ ಆಗುವವರೆಗೆ "ಮುಂದೆ ಬರುವ ಡಿಜಿಟಲ್ ಎಫ್‌ಎಂಗೆ ಇದೇ ಸೆಟ್ಟು" ಅಂತ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಕಾರಿನಲ್ಲಿ ಇದು ಖಂಡಿತ ನಡೆಯುತ್ತದೆ, ಯಾಕಂದರೆ ಅಲ್ಲಿ ಸೆಟ್ಟಿಗೆ ಬೇರೆ ದುಡ್ಡಿಲ್ಲ. ಮನೆಯಲ್ಲಿ ಕಷ್ಟ. ನಾನು ವಿಚಾರಿಸಿದಾಗ ಡಿಆರ್‌ಎಂ ಸೆಟ್ಟಿಗೆ ಹತ್ತು ಸಾವಿರಕ್ಕಿಂತ ಜಾಸ್ತಿ ಹೇಳಿದರು. ಅಷ್ಟು ಕೊಟ್ಟು ಬರೀ ಶುದ್ಧ ದನಿಗಾಗಿ ಯಾರೂ ಕೊಳ್ಳಲ್ಲ. ಐವತ್ತು ವರ್ಷ ಖರ್ ಖರ್ ಮಧ್ಯೆ ಧಾರವಾಡ ಕೇಳಿದವರು ದನಿ ಶುದ್ಧ ಇಲ್ಲ ಅಂತ ರೇಡಿಯೋ ಬಿಡಲಿಲ್ಲ ಅಲ್ವಾ. ತಮ್ಮ ಸ್ಟೇಷನ್ ಬಂದರೆ ಮಾತ್ರ ಕೊಳ್ಳುತ್ತಾರೆ. ಆ ಮೂರು ಡಿಜಿಟಲ್ ಚಾನೆಲ್‌ಗಳಲ್ಲಿ ಒಂದರಲ್ಲಿ, ದಿನಕ್ಕೆ ನಾಲ್ಕು ಗಂಟೆಯಾದರೂ, ಮುಂಬೈನಲ್ಲಿ ಕನ್ನಡ ಕೇಳಿಸಲಿ. ಮಾಟುಂಗಾದಿಂದ ಡೊಂಬಿವಲಿವರೆಗೆ ಎಷ್ಟು ಕನ್ನಡ ಸಂಘಗಳಿವೆ, ಎಷ್ಟು ತುಳು ಮನೆಗಳಿವೆ! ನಮ್ಮ ಏಳು ಮನೆಯವರು ಅವತ್ತೇ ಸೆಟ್ಟು ತರುತ್ತೇವೆ. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಪ್ರಸಾರ ಶುರುವಾಗಿದ್ದು ಇದೇ ಊರಿನಲ್ಲಿ. ಇಲ್ಲಿ ಎಲ್ಲ ಭಾಷೆಯವರ ದನಿಗೂ ಜಾಗ ಇರಬೇಕು. ನಾನು ಈ ಮಾತನ್ನು ಒಂದು ಪತ್ರದಲ್ಲಿ ಬರೆದು, ಬಿಲ್ಡಿಂಗ್‌ನ ಹತ್ತೊಂಬತ್ತು ಜನರ ಸಹಿ ಹಾಕಿಸಿ ಆಕಾಶವಾಣಿಗೆ ಕಳಿಸಿದ್ದೇನೆ. ನಿಮ್ಮ ಸಂಘದಿಂದಲೂ ಬರೆಯಿರಿ. ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಪ್ರತಿ ಇರಲಿ.

ಗಾಳಿಯಲ್ಲಿ ಬರುವ ರೇಡಿಯೋ ಬೇಕೇ ಬೇಕು ಅನ್ನುವುದಕ್ಕೆ ನನಗೆ ಇನ್ನೊಂದು ಕಾರಣ ಇದೆ. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನನ್ನ ಯಜಮಾನರು ಕುರ್ಲಾದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಫೋನ್ ಹತ್ತುತ್ತಿರಲಿಲ್ಲ, ಕರೆಂಟ್ ಇರಲಿಲ್ಲ. ಮಗು ಮಡಿಲಲ್ಲಿ. ಮಾವನವರು ಮೇಣದಬತ್ತಿ ಹಚ್ಚಿ ಅದರ ಪಕ್ಕ ಟ್ರಾನ್ಸಿಸ್ಟರ್ ಇಟ್ಟರು. ಎಲ್ಲಿ ರೈಲು ನಿಂತಿದೆ, ಎಲ್ಲಿ ನೀರು ಏರಿದೆ ಅಂತ ರಾತ್ರಿಯಿಡೀ ಅದರಿಂದಲೇ ತಿಳಿದದ್ದು. ಬೆಳಿಗ್ಗೆ ಯಜಮಾನರು ನಡೆದು ಬಂದರು. ಡಿಆರ್‌ಎಂನಲ್ಲಿ ಅಪಾಯದ ಎಚ್ಚರಿಕೆ ಬಂದರೆ ಸೆಟ್ಟು ತಾನೇ ಆ ಚಾನೆಲ್‌ಗೆ ತಿರುಗಿ, ಪರದೆಯ ಮೇಲೆ ಅಕ್ಷರದಲ್ಲೂ ತೋರಿಸುವ ಸೌಲಭ್ಯ ಇದೆ. ಕೊಳ್ಳುವಾಗ ಸೆಟ್ಟಿನಲ್ಲಿ ಅದು ಇದೆಯಾ ಕೇಳಿ. ಡಿಆರ್‌ಎಂ ಬೇಡ ಅಂದರೂ, ಸೆಲ್ ಹಾಕುವ ಒಂದು ಎಫ್‌ಎಂ ಸೆಟ್ಟು ಮಳೆಗಾಲಕ್ಕೆ ಮುಂಚೆ ಮನೆಯಲ್ಲಿರಲಿ. ಫೋನ್ ಇದೆಯಲ್ಲ ಅಂತ ನಂಬಿ ಕೂರಬೇಡಿ.

ಹದಿನಾರನೇ ದಿನ

ಹದಿನೈದು ದಿನ ಆದ ಮೇಲೆ ಹೊಸದನ್ನೆಲ್ಲ ತೆಗೆದು ಕಪಾಟಿನಲ್ಲಿಡಿ. ಹಳೇ ರೇಡಿಯೋ ಅದರ ಜಾಗಕ್ಕೆ ಬರಲಿ. ಏನೂ ಹೇಳಬೇಡಿ. ಎರಡು ದಿನದಲ್ಲಿ ಹೊಸದನ್ನು ಕೇಳಿದರೆ ಅದನ್ನು ಕೊಳ್ಳಿ. ಕೇಳದಿದ್ದರೆ ಹಳೆಯದಕ್ಕೇ ಒಳ್ಳೆಯ ಸೆಲ್ ತಂದುಕೊಡಿ.

ನಮ್ಮ ಮಾವನವರು ಬೆಳಿಗ್ಗೆ ಎದ್ದು ಟ್ರಾನ್ಸಿಸ್ಟರ್ ಹಚ್ಚಿದರು. ಹಾಡು ಕೇಳಿದರು. ಗಡಿಯಾರ ಕೂಡಿಸಿದರು. ಡಿಆರ್‌ಎಂ ಸೆಟ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಡಬ್ಬಿ ಕಟ್ಟಿಕೊಂಡು ಚಪ್ಪಲಿ ಹಾಕುವಾಗ ಹಿಂದಿನಿಂದ ಕರೆದರು.

"ಯವ್ವಾ, ಆ ಸಣ್ಣ ಡಬ್ಬಿ ಎಲ್ಲಿಟ್ಟಿ? ಸಂಜಿಗೆ ಕೃಷಿರಂಗ ಐತಿ."

ಸ್ಪೀಕರು, ಹಳೇ ಫೋನು ತಂದು ಹಾಸಿಗೆಯ ಪಕ್ಕ ಇಟ್ಟೆ. ಡಿಆರ್‌ಎಂ ಸೆಟ್ಟನ್ನು ಅದೇ ಶನಿವಾರ ಥಾಣೆಗೆ ವಾಪಸ್ ಕೊಟ್ಟು ಬಂದೆವು, ಹಸಿರು ಟಿಕಳಿ ಹಾಗೇ ಇತ್ತು.